ಕಿಟಕಿಯ ಒಳಗಿನವಳು

ಮೆಕ್ಸಿಕೋದ ಪ್ರಣಯಗೀತಗಳ ರಮ್ಯತೆಯನ್ನು ಕೊಂಡಾಡುವ ರಸಿಕರು ಬಹಳ. ನಡುರಾತ್ರಿ ಗಿಟಾರು ಹಿಡಿದ ಗೆಳೆಯರೊಡನೆ ಬಂದು ನಲ್ಲೆಯ ಕಿಟಕಿಯ ಕೆಳಗೆ ಹಾಡುವ ‘ಸೆರೆನಾತಾ’ ಪದ್ಧತಿ ಸೊಗಸಾದುದೇ. ಆದರೆ ಒಳಗಿರುವವಳ ಪಾಲಿಗೆ ಉಳಿದುದೇನು? ಒಪ್ಪಿಗೆಯಾದರೆ ದೀಪ, ಇಲ್ಲವಾದರೆ ಕತ್ತಲೆ. ಮಾತೆಲ್ಲ ಗಂಡಿನದು, ಕೇಳುವುದಕ್ಕೆ ಮಾತ್ರ ಇಡೀ ಬೀದಿ!

ಜಗತ್ಪ್ರಸಿದ್ಧವಾದ ‘ಸಿಯೆಲಿತೊ ಲಿಂದೊ’ ಗೀತದಲ್ಲಿಯೂ ಹೊಗಳಿಕೆಗೆ ಸಿಕ್ಕುವುದು ಅವಳ ಕಣ್ಣು, ತುಟಿಯ ಬಳಿಯ ಮಚ್ಚೆ. ಅಲ್ಲಿ ಬರುವ ಸಿಯೆರಾ ಮೊರೆನಾ ಬೆಟ್ಟಸಾಲು ಇರುವುದು ಸ್ಪೇನಿನಲ್ಲಿ. ಹೊಗಳಿಕೆಯ ಮಾತೂ ಕಡಲು ದಾಟಿ ಬಂದದ್ದೇ.

ನನ್ನ ಮನಸ್ಸು ನಿಲ್ಲುವುದು ತೆವಾಂತೆಪೆಕ್ ಸೀಮೆಯ ‘ಲಾ ಯೋರೋನಾ’ದ ಬಳಿ. ‘ಅಳುವವಳು’ ಎಂದು ಅದರ ಅರ್ಥ. ಇಗರ್ಜಿಯಿಂದ ಹೊರಬರುವಾಗ ಕಂಡ ಹೆಣ್ಣನ್ನು ಕುರಿತ ಈ ಹಾಡು ಶೃಂಗಾರವೋ ಶೋಕವೋ ಹೇಳಬಾರದು. ಅಳುವವಳೆಂಬ ಹೆಸರು ಅವಳಿಗೆ. ಅಳುತ್ತಿರುವವನು ಮಾತ್ರ ಹಾಡುಗಾರ.

ಇದನ್ನೂ, ಗಂಡಿನ ಬಾಯಿಗೆಂದು ಕಟ್ಟಿದ ಇನ್ನೆಷ್ಟೋ ಪ್ರಣಯಗೀತಗಳನ್ನೂ ಗಾಯಕಿ ಚವೇಲಾ ವಾರ್ಗಾಸ್ (1919–2012) ಹಾಡಿದರು. ಹೆಣ್ಣನ್ನು ಕರೆಯುವ ಮಾತನ್ನು ಗಂಡಿಗೆ ತಿರುಗಿಸಿಕೊಳ್ಳದೆ ಇದ್ದಂತೆಯೇ ಹಾಡಿದರು. ಕಿಟಕಿಯ ಒಳಗಿದ್ದವಳೇ ಬೀದಿಗಿಳಿದಂತಾಯಿತು. ಮುಪ್ಪಿನ ಧ್ವನಿಮುದ್ರಿಕೆಗಳಲ್ಲಿ ಕಂಠ ಒಡೆದಿದೆ, ನಿಜ. ನನಗಂತೂ ಅವೇ ಮೆಚ್ಚು.