ಹಗಲುಗನಸಿನ ಮಾಷ್ಟ್ರು, ಪತ್ರ ಬರೆದ ಹುಡುಗರು

ಶಿಕ್ಷಕ ಶಿಕ್ಷಣದ ಪರಿಭಾಷೆಯಲ್ಲಿ ‘ಚಿಂತನೆ’ ಎಂಬುದು ಈಗ ಬಹುಮಟ್ಟಿಗೆ ಕಡ್ಡಾಯದ ಪದವಾಗಿದೆ. 2009ರ ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಿಕ್ಷಕನನ್ನು ತನ್ನ ಕೆಲಸದ ಬಗ್ಗೆ ತಾನೇ ಯೋಚಿಸಬಲ್ಲ ವೃತ್ತಿನಿರತನನ್ನಾಗಿ ಕಾಣಬಯಸಿತು. 2014ರ ನಿಯಮಾವಳಿಯಂತೆ ಎರಡು ವರ್ಷಗಳಿಗೆ ವಿಸ್ತಾರಗೊಂಡ ಬಿ.ಎಡ್. ಪದವಿಯಲ್ಲಿ, ಪಠ್ಯಗಳನ್ನು ಓದಿ ಅವುಗಳ ಬಗ್ಗೆ ಚಿಂತಿಸುವುದಕ್ಕೆಂದೇ ಒಂದು ವಿಷಯ ಸೇರಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಶಿಕ್ಷಕ ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ವೃತ್ತಿಪರ ಬೆಳವಣಿಗೆಗೆ ಮೀಸಲಿಡಬೇಕೆಂದು ಹೇಳಿತು. ಗಂಟೆಗಳ ಲೆಕ್ಕ ಇಡುವುದು ಸುಲಭ. ಆ ಗಂಟೆಗಳಲ್ಲಿ ಶಿಕ್ಷಕ ಯಾವುದರ ಬಗ್ಗೆ ಯೋಚಿಸುತ್ತಾನೆ, ಯಾರನ್ನು ಎದುರಿಗಿಟ್ಟುಕೊಂಡು ಯೋಚಿಸುತ್ತಾನೆ ಎಂಬುದಕ್ಕೆ ಯಾವ ನೀತಿಪತ್ರದಲ್ಲೂ ನೇರ ಉತ್ತರ ಸಿಗುವುದಿಲ್ಲ. ಅದನ್ನು ಹುಡುಕಬೇಕಾದದ್ದು ತರಬೇತಿಯ ಓದಿನ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಪುಸ್ತಕಗಳಲ್ಲಿ. ಅವುಗಳ ಪೈಕಿ ಎರಡನ್ನು, ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ ಮತ್ತು ಇಟಲಿಯ ಬಾರ್ಬಿಯಾನ ಶಾಲೆಯ ಹುಡುಗರು ಬರೆದ ಪತ್ರವನ್ನು, ಗಡಿನಾಡ ಕನ್ನಡ ತರಗತಿಯಲ್ಲಿ ನಿಂತು ಜತೆಯಾಗಿ ಓದಿದರೆ ಎರಡೂ ಬೇರೆಯಾಗಿಯೇ ಕಾಣಿಸತೊಡಗುತ್ತವೆ.

‘ದಿವಾಸ್ವಪ್ನ’ ಗುಜರಾತಿಯಲ್ಲಿ ಪ್ರಕಟವಾದದ್ದು 1930ರ ದಶಕದ ಆರಂಭದಲ್ಲಿ. ವಕೀಲಿ ವೃತ್ತಿಯನ್ನು ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದ, 1920ರಲ್ಲಿ ಅಲ್ಲಿ ಬಾಲಮಂದಿರವನ್ನು ಕಟ್ಟಿದ ಗಿಜುಭಾಯಿ (1885–1939) ತಮ್ಮ ಪ್ರಯೋಗಗಳ ಸಾರವನ್ನು ಇಲ್ಲಿ ಕಥೆಯ ರೂಪಕ್ಕೆ ತಂದಿದ್ದಾರೆ. ಕಥೆಯ ಚೌಕಟ್ಟು ಸರಳವಾದದ್ದು. ಶಿಕ್ಷಣದ ಬಗ್ಗೆ ಓದಿ ಯೋಚಿಸಿದ ವ್ಯಕ್ತಿಯೊಬ್ಬ ಶಿಕ್ಷಣಾಧಿಕಾರಿಯ ಬಳಿ ಹೋಗಿ, ಒಂದು ವರ್ಷದ ಮಟ್ಟಿಗೆ ಪ್ರಾಥಮಿಕ ಶಾಲೆಯ ನಾಲ್ಕನೆಯ ತರಗತಿಯನ್ನು ತನಗೆ ಒಪ್ಪಿಸಿರೆಂದು ಕೇಳಿಕೊಳ್ಳುತ್ತಾನೆ. ಅಧಿಕಾರಿ ಒಪ್ಪುತ್ತಾನೆ, ವರ್ಷದ ಕೊನೆಗೆ ಪರೀಕ್ಷೆ ಉಂಟೆಂಬುದನ್ನು ಮರೆಯಬಾರದೆಂದು ನೆನಪಿಸುತ್ತಾನೆ. ಮೊದಲ ದಿನವೇ ಹೊಸ ಮಾಷ್ಟ್ರ ಯೋಜನೆ ಮಣ್ಣುಪಾಲಾಗುತ್ತದೆ. ಮೌನದ ಆಟವೊಂದನ್ನು ಆಡಿಸಹೋದರೆ ತರಗತಿ ಸಂತೆಯಾಗುತ್ತದೆ. ದಿಕ್ಕು ತೋಚದೆ ಮಕ್ಕಳಿಗೆ ರಜೆ ಕೊಟ್ಟು ಮುಖ್ಯೋಪಾಧ್ಯಾಯರ ಅಸಮಾಧಾನಕ್ಕೆ ಗುರಿಯಾಗುತ್ತಾನೆ. ಮರುದಿನ ಅವನು ಕಥೆ ಹೇಳತೊಡಗುತ್ತಾನೆ, ಅಲ್ಲಿಂದ ತರಗತಿ ಅವನ ಕೈಗೆ ಬರುತ್ತದೆ.

ಶಿಕ್ಷಕ ಸಾಹಿತ್ಯದಲ್ಲಿ ಈ ಮೊದಲ ದಿನದ ಸೋಲಿಗೆ ಸಮನಾದ ಪುಟಗಳು ವಿರಳ. ಮಾಂಟೆಸರಿಯನ್ನು ಓದಿಕೊಂಡ ಮನಸ್ಸು, ಕಾಗದದ ಮೇಲಿನ ಟಿಪ್ಪಣಿ, ಎದುರಿಗೆ ನಿಜವಾದ ಮಕ್ಕಳು: ಇವುಗಳ ಘರ್ಷಣೆಯನ್ನು ಗಿಜುಭಾಯಿ ನಗುತ್ತಲೇ ಬರೆಯುತ್ತಾರೆ. ಅಮೆರಿಕದ ಡೊನಾಲ್ಡ್ ಶೋನ್ 1983ರಲ್ಲಿ ‘ಚಿಂತನಶೀಲ ವೃತ್ತಿನಿರತ’ನ ಬಗ್ಗೆ ಬರೆದ ಪ್ರಸಿದ್ಧ ಗ್ರಂಥದಲ್ಲಿ ಕೆಲಸ ನಡೆಯುತ್ತಿರುವಾಗಲೇ ಹುಟ್ಟುವ ಚಿಂತನೆಗೆ ಒಂದು ಸಿದ್ಧಾಂತವನ್ನು ಕಟ್ಟಿದರು. (ಅವರು ಮುಖ್ಯವಾಗಿ ಗಮನಿಸಿದ್ದು ವಾಸ್ತುಶಿಲ್ಪಿಗಳು, ಎಂಜಿನಿಯರುಗಳು, ಮನೋಚಿಕಿತ್ಸಕರು, ನಗರಯೋಜಕರು ಮತ್ತು ವ್ಯವಸ್ಥಾಪಕರನ್ನು. ಶಾಲಾ ಶಿಕ್ಷಕರ ತರಬೇತಿ ಆ ಅಂಗಿಯನ್ನು ಆಮೇಲೆ ತನ್ನ ಅಳತೆಗೆ ಹೊಲಿಸಿಕೊಂಡಿತು.) ಸಿದ್ಧಾಂತ ಬರುವುದಕ್ಕೆ ಅರ್ಧ ಶತಮಾನ ಮೊದಲೇ ಗುಜರಾತಿ ಗದ್ಯದಲ್ಲಿ ಅದರ ಜೀವಂತ ಚಿತ್ರವಿತ್ತು ಎಂಬುದು ಭಾರತೀಯ ಓದುಗರು ಸಂತೋಷಪಡಬಹುದಾದ ಸಂಗತಿ.

ಆದರೆ ಪುಸ್ತಕ ಮುಂದುವರಿದಂತೆ ಸೋಲಿಗೆ ಅದರಲ್ಲಿ ಜಾಗ ಕಡಿಮೆಯಾಗುತ್ತ ಹೋಗುತ್ತದೆ. ಪಠ್ಯಪುಸ್ತಕದ ಬದಲು ಕಥೆಪುಸ್ತಕಗಳಿಂದ ತರಗತಿಯ ಗ್ರಂಥಾಲಯ, ಆಟವಾಗುವ ವ್ಯಾಕರಣ, ಉಗುರು ಕೂದಲುಗಳ ಶುಚಿತ್ವ, ನಾಟಕ: ಒಂದೊಂದು ಪ್ರಯೋಗವೂ ಮೊದಲು ಗೇಲಿಗೆ, ಆಮೇಲೆ ಅನುಮಾನಕ್ಕೆ, ಕೊನೆಗೆ ಮೆಚ್ಚುಗೆಗೆ ಪಾತ್ರವಾಗುತ್ತದೆ. ವರ್ಷಾಂತ್ಯದಲ್ಲಿ ಅಧಿಕಾರಿ ತಲೆದೂಗುತ್ತಾನೆ. ಕಥನದ ಈ ಏರುಗತಿಯನ್ನು ತರಬೇತಿಯ ಲೋಕ ಪೂರ್ತಿಯಾಗಿ ತನ್ನದಾಗಿಸಿಕೊಂಡಿದೆ. ಇಂದಿನ ಚಿಂತನ ದಿನಚರಿಗಳ ವಿನ್ಯಾಸವನ್ನು ನೋಡಿದರೆ ಸಾಕು. ಮಾಡಿದ ಚಟುವಟಿಕೆ, ಎದುರಾದ ತೊಡಕು, ಕಂಡುಕೊಂಡ ಪರಿಹಾರ, ಸಾಧಿಸಿದ ಫಲ. ತೊಡಕು ಇರುವುದೇ ಪರಿಹಾರಕ್ಕೆ ದಾರಿ ಮಾಡಿಕೊಡಲಿಕ್ಕೆ. ಪರಿಹಾರವಿಲ್ಲದ ತೊಡಕನ್ನು ಬರೆಯಲು ಅಂಥ ಪುಟದಲ್ಲಿ ಅಂಕಣವಿಲ್ಲ.

ಶೋನ್ ಅವರೇ ಕ್ರಿಸ್ ಆರ್ಗಿರಿಸ್ ಜತೆ 1970ರ ದಶಕದಲ್ಲಿ ಮಾಡಿದ ಒಂದು ವಿಂಗಡಣೆ ಇಲ್ಲಿ ಉಪಯುಕ್ತ. ಕೋಣೆಯ ಶಾಖವನ್ನು ನಿಯಂತ್ರಿಸುವ ಯಂತ್ರ, ಶಾಖ ಹೆಚ್ಚು ಕಡಿಮೆಯಾದಾಗ ತನ್ನನ್ನು ತಾನು ತಿದ್ದಿಕೊಳ್ಳುತ್ತದೆ. ಆದರೆ ನಿಗದಿಪಡಿಸಿದ ಶಾಖ ಸರಿಯೇ ಎಂದು ಅದು ಕೇಳಿಕೊಳ್ಳುವುದಿಲ್ಲ. ಮೊದಲನೆಯದನ್ನು ಒಂದು ಸುತ್ತಿನ ಕಲಿಕೆ ಎಂದೂ, ಗುರಿಯನ್ನೇ ಪ್ರಶ್ನಿಸುವುದನ್ನು ಎರಡು ಸುತ್ತಿನ ಕಲಿಕೆ ಎಂದೂ ಅವರು ಕರೆದರು. ‘ದಿವಾಸ್ವಪ್ನ’ದ ಮಾಷ್ಟ್ರು ಎರಡನೆಯ ಸುತ್ತಿಗೆ ಬಂದವನೇ, ಹೊಡೆತ, ಬಾಯಿಪಾಠ, ಬಹುಮಾನಗಳ ಶಾಲೆ ಯಾತಕ್ಕೆಂದು ಅವನು ಕೇಳುತ್ತಾನೆ. ಆದರೆ ಉತ್ತರ ಅವನಿಗೆ ಶಾಲೆಗೆ ಬರುವ ಮೊದಲೇ ಗೊತ್ತಿತ್ತು. ಮಕ್ಕಳು ಅದನ್ನು ಸತ್ಯವೆಂದು ತೋರಿಸಿಕೊಡುತ್ತಾರೆ, ಬದಲಿಸುವುದಿಲ್ಲ. ಮಕ್ಕಳ ಕಡೆಯಿಂದ ಈ ಕಥೆ ಹೇಗಿದ್ದೀತು ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಮನೆಯ ಮಾತಿಗೂ ಶಾಲೆಯ ಮಾತಿಗೂ ನಡುವಿನ ಕಂದಕವೂ ಕೃತಿಯ ಕೇಂದ್ರಕ್ಕೆ ಬರುವುದಿಲ್ಲ.

ಬಾರ್ಬಿಯಾನದ ಪತ್ರ ಹೊರಡುವುದೇ ಆ ಕಂದಕದಿಂದ. ಟಸ್ಕನಿಯ ಬೆಟ್ಟದ ಮೇಲಿನ ಆ ಚಿಕ್ಕ ವಸತಿಗೆ 1954ರ ಕೊನೆಯಲ್ಲಿ, ಶಿಕ್ಷೆಯಂತೆ ವರ್ಗವಾಗಿ ಬಂದ ಪಾದ್ರಿ ಲೊರೆಂಜೊ ಮಿಲಾನಿ, ಸರಕಾರಿ ಶಾಲೆ ಕೈಬಿಟ್ಟ ರೈತರ ಮಕ್ಕಳಿಗೆ ರಜೆಯೇ ಇಲ್ಲದ ಶಾಲೆಯೊಂದನ್ನು ನಡೆಸಿದರು. ಅಲ್ಲಿಂದ ಫ್ಲಾರೆನ್ಸಿನ ಶಿಕ್ಷಕ ತರಬೇತಿ ಶಾಲೆಗೆ ಹೋಗಿ ಅನುತ್ತೀರ್ಣರಾದ ಹುಡುಗರ ಅನುಭವವೇ ಪುಸ್ತಕದ ಬೀಜ. ಎಂಟು ಹುಡುಗರು ಕೂಡಿ ಬರೆದ ಈ ಪತ್ರ 1967ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಜೂನ್ 26ರಂದು ಮಿಲಾನಿ ತೀರಿಕೊಂಡರು. ಅಂದರೆ ಇದು ಶಿಕ್ಷಕರಾಗಬೇಕೆಂದು ಹೊರಟು ಅಲ್ಲಿ ತಿರಸ್ಕೃತರಾದವರು ತಮ್ಮನ್ನು ತಿರಸ್ಕರಿಸಿದ ಶಿಕ್ಷಕಿಗೆ ಬರೆದದ್ದು. ತರಬೇತಿಯ ಓದಿನ ಪಟ್ಟಿಯಲ್ಲಿ ಈ ಪುಸ್ತಕವನ್ನು ಸೇರಿಸುವವರು ಈ ಸಂಗತಿಯನ್ನು ಅಷ್ಟಾಗಿ ಎತ್ತಿ ಹೇಳುವುದಿಲ್ಲ.

ಪತ್ರದ ಶಕ್ತಿ ಅದರ ಕೋಪದಲ್ಲಿದೆ ಎಂದು ಹಲವರು ಭಾವಿಸುತ್ತಾರೆ. ಕೋಪಕ್ಕಿಂತ ಹೆಚ್ಚಾಗಿ ಅದರ ವಿಧಾನದಲ್ಲಿದೆ. ಹುಡುಗರು ಹಾಜರಿ ಪುಸ್ತಕಗಳನ್ನೂ ಸರಕಾರಿ ಅಂಕಿಅಂಶಗಳನ್ನೂ ಜಾಲಾಡಿ, ತರಗತಿಯಿಂದ ತರಗತಿಗೆ ಯಾರ ಮಕ್ಕಳು ಕಾಣೆಯಾಗುತ್ತಾರೆ ಎಂದು ಲೆಕ್ಕ ಹಾಕುತ್ತಾರೆ. ಒಬ್ಬೊಬ್ಬರು ಚೀಟಿಗಳಲ್ಲಿ ಬರೆದದ್ದನ್ನು ಮೇಜಿನ ಮೇಲೆ ಹರಡಿ, ಗುಂಪು ಮಾಡಿ, ಸೇರಿಸಿ, ಕತ್ತರಿಸಿ ಗದ್ಯವನ್ನು ಕಟ್ಟುತ್ತಾರೆ. ಕಾಣೆಯಾಗುವುದಕ್ಕೆ ಕಾರಣವಾಗಿ ಅವರು ಕಾಣುವುದು ಭಾಷೆಯನ್ನು. ವೈದ್ಯನ ಮಗ ಪಿಯೆರಿನೊ ಶಾಲೆಯ ಭಾಷೆಯನ್ನು ಮನೆಯಿಂದಲೇ ತರುತ್ತಾನೆ. ಬಡವರ ಮಗ ಜಾನ್ನಿಯ ಮಾತು ಶಾಲೆಯಲ್ಲಿ ತಪ್ಪಾಗುತ್ತದೆ. ಭಾಷೆಯ ಭೇದವಿಲ್ಲದೆ ಎಲ್ಲರೂ ಸಮಾನರೆಂದ ಇಟಲಿಯ ಸಂವಿಧಾನವನ್ನು ಅವರು ಶಿಕ್ಷಕಿಯ ಕೆಂಪು ಶಾಯಿಯ ಎದುರು ಹಿಡಿಯುತ್ತಾರೆ.

ಪುಸ್ತಕ ಮುಂದಿಡುವ ಸುಧಾರಣೆಗಳು ಮೂರೇ. ಯಾರನ್ನೂ ಅನುತ್ತೀರ್ಣಗೊಳಿಸಬಾರದು, ಹಿಂದುಳಿದವರೆನಿಸಿದವರಿಗೆ ಪೂರ್ಣ ದಿನದ ಶಾಲೆ ಬೇಕು, ಆಸಕ್ತಿಯಿಲ್ಲದವರಿಗೆ ಒಂದು ಗುರಿ ಬೇಕು. ಮೊದಲನೆಯದು ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಬಂದು, 2019ರ ತಿದ್ದುಪಡಿಯಲ್ಲಿ ಸಡಿಲವಾಯಿತು. ಮೂರನೆಯದರ ಬಗ್ಗೆ ಚರ್ಚೆಯಾದದ್ದೇ ಕಡಿಮೆ. ಅಂತಿಮ ಗುರಿಯನ್ನು, ಅಂದರೆ ಇತರರಿಗಾಗಿ ಬದುಕುವುದನ್ನು, ಹುಡುಗರು ಹೇಳಿ ಅಲ್ಲಿಗೇ ನಿಲ್ಲಿಸುವುದಿಲ್ಲ. ಅದು ತೀರ ದೂರದ್ದು ಎಂದು ಅವರಿಗೆ ಗೊತ್ತು. ದಿನನಿತ್ಯದ ಗುರಿ ಯಾವುದೆಂದರೆ, ಇತರರನ್ನು ಅರ್ಥ ಮಾಡಿಕೊಳ್ಳುವುದು ಮತ್ತು ತಾವು ಇತರರಿಗೆ ಅರ್ಥವಾಗುವುದು. ಶಿಕ್ಷಣದ ಉದ್ದೇಶವನ್ನು ಕುರಿತ ದೊಡ್ಡ ದೊಡ್ಡ ದಸ್ತಾವೇಜುಗಳ ನಡುವೆ ಈ ಸಣ್ಣ ವಾಕ್ಯಾರ್ಥ ಇಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ, ಅದು ಅರ್ಥವಾಗದೆ ಉಳಿದವರ ಬಾಯಿಂದ ಬಂದದ್ದೇ ಕಾರಣ.

ಹಾಗೆಂದು ಈ ಪುಸ್ತಕ ನಿರ್ದೋಷವಲ್ಲ. ಸಾಮೂಹಿಕ ಧ್ವನಿಯಲ್ಲಿ ಮಿಲಾನಿಯವರ ಪಾಲೆಷ್ಟು ಎಂಬುದು ಇಟಲಿಯಲ್ಲಿ ಬಹುಕಾಲ ಚರ್ಚೆಯಾದ ವಿಷಯ. ಮಿಲಾನಿಯವರ ಶಾಲೆ ಕಠೋರವಾಗಿಯೂ ಇತ್ತು. ಇದಕ್ಕಿಂತ ಗಂಭೀರವಾದ ಆಕ್ಷೇಪ ಪತ್ರದ ವಿಳಾಸಕ್ಕೆ ಸಂಬಂಧಿಸಿದ್ದು. ಇಟಾಲಿಯನ್ ಶೀರ್ಷಿಕೆಯಲ್ಲಿರುವುದು ಶಿಕ್ಷಕಿ, ಹೆಣ್ಣು. ಇಂಗ್ಲಿಷಿನ ‘ಟೀಚರ್’ ಆ ಲಿಂಗವನ್ನು ಅಳಿಸಿಬಿಡುತ್ತದೆ. ಕನ್ನಡ ಅನುವಾದಕನಿಗೆ ‘ಶಿಕ್ಷಕ’, ‘ಶಿಕ್ಷಕಿ’ಗಳಲ್ಲಿ ಒಂದನ್ನು ಆರಿಸದೆ ಗತ್ಯಂತರವಿಲ್ಲ. ಕಾಸರಗೋಡಿನ ಆಡುಮಾತಿನಲ್ಲಾದರೋ ಗಂಡಸು ‘ಮಾಷ್ಟ್ರು’, ಹೆಂಗಸು ‘ಟೀಚರ್’. ಅಲ್ಲಿ ಇಂಗ್ಲಿಷ್ ಪದವೇ ಮೂಲದ ಲಿಂಗವನ್ನು ಮರಳಿ ತಂದುಕೊಡುತ್ತದೆ. ಇದು ಬರಿಯ ಅನುವಾದದ ಕುತೂಹಲವಲ್ಲ. ವ್ಯವಸ್ಥೆಯ ಅನ್ಯಾಯವನ್ನೆಲ್ಲ ಮಧ್ಯಮವರ್ಗದ ಒಬ್ಬ ಹೆಂಗಸಿನ ಮೇಲೆ ಹೊರಿಸಿದಾಗ, ಅವಳ ಸಂಬಳ, ಮನೆಗೆಲಸ, ಅಧಿಕಾರಹೀನತೆ ಕಣ್ಣಿಗೆ ಬೀಳುವುದಿಲ್ಲ. ದಿನಗೂಲಿಯ ಲೆಕ್ಕದಲ್ಲಿ ಪಾಠ ಮಾಡುತ್ತಿರುವ ಶಿಕ್ಷಕಿಯ ಕೈಗೆ ಈ ಪುಸ್ತಕವನ್ನಿತ್ತು ‘ಚಿಂತಿಸಿ’ ಎನ್ನುವ ತರಬೇತುದಾರ ಈ ಅಂಶವನ್ನು ನೆನಪಿಡಬೇಕು. ಪತ್ರಕ್ಕೆ ಶಿಕ್ಷಕಿಯ ಉತ್ತರ ಪುಸ್ತಕದಲ್ಲಿಲ್ಲ.

ಗಡಿನಾಡಿನ ಕನ್ನಡ ಶಿಕ್ಷಕ ಈ ಪತ್ರವನ್ನು ಓದುವಾಗ ಮೊದಲು ತನ್ನನ್ನು ಹುಡುಗರ ಪಕ್ಷದಲ್ಲಿ ಕಾಣುತ್ತಾನೆ. ಅದು ಸಹಜ, ನ್ಯಾಯವೂ ಹೌದು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. 2006ರ ತಮಿಳು ಕಲಿಕಾ ಕಾಯ್ದೆ, 2017ರ ಮಲಯಾಳ ಭಾಷಾ ಕಲಿಕಾ ಕಾಯ್ದೆಗಳು ಬಂದ ಬಳಿಕ ಆ ಅನುಕೂಲದ ಗಡಿ ಎಲ್ಲಿಗೆಂಬುದು ತಾಳವಾಡಿಯಲ್ಲೂ ಕಾಸರಗೋಡಿನಲ್ಲೂ ದಿನನಿತ್ಯದ ಪ್ರಶ್ನೆಯಾಗಿದೆ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದ್ದರ ವಿರುದ್ಧ ಕಾಸರಗೋಡಿನಲ್ಲಿ ನಡೆದ ಪ್ರತಿಭಟನೆಗಳನ್ನು ಈ ಪತ್ರಿಕೆಯ ಓದುಗರಿಗೆ ನೆನಪಿಸಬೇಕಾಗಿಲ್ಲ.

ಈ ನ್ಯಾಯವಾದ ಮೊಕದ್ದಮೆಯೇ ಗಡಿನಾಡ ಶಿಕ್ಷಕನ ಚಿತ್ರವನ್ನು ಒಂದು ರೀತಿಯಲ್ಲಿ ಅಚ್ಚು ಹಾಕಿಬಿಟ್ಟಿದೆ. ಕಯ್ಯಾರ ಕಿಞ್ಞಣ್ಣ ರೈ (1915–2015) ಎಂದೊಡನೆ ನೆನಪಾಗುವುದು ಕವಿ, ವಿಲೀನೀಕರಣದ ಹೋರಾಟಗಾರ. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ದಶಕಗಳ ಕಾಲ ಪಾಠ ಹೇಳಿದ, 1969ರಲ್ಲಿ ಶಿಕ್ಷಕರ ರಾಷ್ಟ್ರಪ್ರಶಸ್ತಿಯನ್ನು ಪಡೆದ ಅಧ್ಯಾಪಕ ಆ ಚಿತ್ರದ ಅಂಚಿನಲ್ಲಿ ನಿಲ್ಲುತ್ತಾನೆ. ಗಡಿನಾಡ ಕನ್ನಡ ಬರಹದಲ್ಲಿ ಶಾಲೆ ಉಳಿಸಬೇಕಾದ ಕೋಟೆಯಾಗಿ ಹೇರಳವಾಗಿ ಬಂದಿದೆ. ಒಂದು ಬೆಳಗಿನ ತರಗತಿಯಾಗಿ, ಅಲ್ಲಿ ಒಂದು ಮಗುವಿನ ಬಾಯಿ ತೆರೆದ ಅಥವಾ ಮುಚ್ಚಿದ ಗಳಿಗೆಯಾಗಿ, ಅದು ಬಂದದ್ದು ಅಪರೂಪ.

ಏಕೆಂದರೆ ಕೋಟೆಯೊಳಗೂ ಜಾನ್ನಿ ಇದ್ದಾನೆ. ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿಯಲ್ಲಿ ಕೂತ ಮಕ್ಕಳ ಮನೆಮಾತು ತುಳು, ಹವ್ಯಕ, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ. ಪುಸ್ತಕದ ಕನ್ನಡ ಅವರಲ್ಲಿ ಹೆಚ್ಚಿನವರಿಗೆ ಶಾಲೆಯಲ್ಲಿ ದೊರೆಯುವ ಭಾಷೆ. ನೀಲಗಿರಿಯಲ್ಲಿ ಬಡಗ, ತಾಳವಾಡಿಯ ಕಾಡಂಚಿನಲ್ಲಿ ಸೋಲಿಗ ಮಕ್ಕಳಿದ್ದಾರೆ. ಜತ್ತ, ಅಕ್ಕಲಕೋಟೆಗಳಲ್ಲಿ ಮನೆಮಾತು ಕನ್ನಡವೇ ಆಗಿದ್ದರೂ, ‘ಹೊಂಟೀನಿ’ ಎಂಬ ಮಗುವಿನ ವಾಕ್ಯ ನೋಟುಪುಸ್ತಕದಲ್ಲಿ ‘ಹೋಗುತ್ತಿದ್ದೇನೆ’ ಎಂದು ತಿದ್ದಲ್ಪಡುತ್ತದೆ. ರಾಜ್ಯಭಾಷೆಯ ಎದುರು ವಾದಿಯಾಗಿ ನಿಂತ ಶಿಕ್ಷಕ, ತನ್ನ ತರಗತಿಯಲ್ಲಿ ಕೆಂಪು ಶಾಯಿ ಹಿಡಿದ ಕೂಡಲೇ ಪ್ರತಿವಾದಿಯಾಗುತ್ತಾನೆ. 350ಎ ವಿಧಿಯ ‘ಮಾತೃಭಾಷೆ’ ಎಂಬ ಪದವನ್ನು ಅವನು ಜಿಲ್ಲಾಡಳಿತದ ಎದುರು ಓದುವ ರೀತಿಗೂ, ಬ್ಯಾರಿ ಮಾತಾಡುವ ಎರಡನೆಯ ತರಗತಿಯ ಹುಡುಗಿಯ ಎದುರು ಓದಬೇಕಾದ ರೀತಿಗೂ ವ್ಯತ್ಯಾಸವುಂಟು.

ಈ ಮಾತನ್ನು ಗಡಿನಾಡಿನ ಶಾಲೆಗಳ ವಿರೋಧಿಗಳು ದುರುಪಯೋಗ ಮಾಡಿಕೊಳ್ಳಬಹುದು: ಕನ್ನಡ ಆ ಮಕ್ಕಳ ಮನೆಮಾತೇ ಅಲ್ಲವಾದರೆ ಕನ್ನಡ ಶಾಲೆ ಯಾಕೆ, ಎಂದು. ಆ ವಾದದಲ್ಲಿ ಹುರುಳಿಲ್ಲ. ತುಳುನಾಡಿನಲ್ಲಿ ಕನ್ನಡ ಶತಮಾನಗಳಿಂದ ಬರಹದ, ಯಕ್ಷಗಾನ ಪ್ರಸಂಗಗಳ, ದಾಖಲೆಗಳ ಭಾಷೆಯಾಗಿದೆ. ತುಳು ಮಗುವಿಗೂ ಕನ್ನಡಕ್ಕೂ ಇರುವ ನಂಟು ಮಲಯಾಳವನ್ನು ಅದರ ಜಾಗದಲ್ಲಿಟ್ಟರೆ ಹುಟ್ಟುವಂಥದ್ದಲ್ಲ. ಆದರೆ ಆ ನಂಟನ್ನು ಇತಿಹಾಸ ಕಟ್ಟಿಕೊಟ್ಟಿದೆ ಎಂದು ತರಗತಿ ಸುಮ್ಮನಿರುವಂತಿಲ್ಲ. ಅಲ್ಲಿ ಅದನ್ನು ಪ್ರತಿವರ್ಷ ಹೊಸದಾಗಿ, ಮಗುವಿನ ಮಾತಿನಿಂದ ಶುರುಮಾಡಿ ಕಟ್ಟಬೇಕಾಗುತ್ತದೆ. ಕನ್ನಡ ಶಾಲೆ ಇರುವುದು ಕನ್ನಡವನ್ನು ಉಳಿಸಲಿಕ್ಕೋ, ಮಗು ಇತರರಿಗೆ ಅರ್ಥವಾಗುವಂತಾಗಲಿಕ್ಕೋ ಎಂಬ ಪ್ರಶ್ನೆಯನ್ನು ಎರಡು ಸುತ್ತಿನ ಚಿಂತನೆ ಎನ್ನಬಹುದು. ಎರಡೂ ಒಂದೇ ಎಂದು ಸಭೆಗಳಲ್ಲಿ ಹೇಳುವುದು ಸುಲಭ. ಮಕ್ಕಳ ಸಂಖ್ಯೆ ಕುಸಿದು ಶಾಲೆ ಮುಚ್ಚುವ ಭಯವಿರುವಾಗ, ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿರುವುದೇ ಮುಖ್ಯವಾಗಿ, ಮಗು ತರಗತಿಯಲ್ಲಿ ಏನು ಹೇಳಿತು ಎಂಬುದು ಹಿಂದಕ್ಕೆ ಸರಿಯುತ್ತದೆ.

ಇಲ್ಲಿ ಗಿಜುಭಾಯಿ ಮರಳಿ ಬೇಕಾಗುತ್ತಾರೆ, ವರ್ಷಾಂತ್ಯದ ಗೆಲುವಿನ ಗಿಜುಭಾಯಿಯಲ್ಲ, ಮೊದಲ ದಿನದವರು. ಬಾರ್ಬಿಯಾನದ ಪತ್ರ ಆರೋಪವನ್ನು ಸ್ಪಷ್ಟಪಡಿಸುತ್ತದೆ. ಆರೋಪ ಕೇಳಿದ ಶಿಕ್ಷಕಿ ಮರುದಿನ ಬೆಳಗ್ಗೆ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ‘ದಿವಾಸ್ವಪ್ನ’ದಲ್ಲಿ ಆ ಮರುದಿನವಿದೆ. ಯೋಜನೆ ಮುರಿದುಬಿದ್ದ ಮೇಲೆ ಮಾಷ್ಟ್ರು ತಿರುಗುವುದು ಕಥೆಯ ಕಡೆಗೆ, ಅಂದರೆ ಮಕ್ಕಳು ಕೇಳಬಲ್ಲ ಮಾತಿನ ಕಡೆಗೆ. ಗಡಿನಾಡಿನ ತರಗತಿಯಲ್ಲಿ ಆ ಕಥೆಯನ್ನು ತುಳುವಿನಲ್ಲಿ ಆರಂಭಿಸಿ ಕನ್ನಡದಲ್ಲಿ ಮುಗಿಸುವ ಟೀಚರುಗಳು ಇಂದೂ ಇದ್ದಾರೆ. ಹಾಗೆ ಮಾಡುವಾಗ ಅವರಲ್ಲಿ ಕೆಲವರು ಕಿಟಕಿಯ ಕಡೆ ನೋಡುತ್ತಾರೆ, ಮೇಲಧಿಕಾರಿಗಳು ಬರುತ್ತಿರಬಹುದೆಂದು. ಅವರ ಚಿಂತನ ದಿನಚರಿಯಲ್ಲಿ ಆ ದಿನದ ಪುಟಕ್ಕೆ ಬರುವುದು ಕನ್ನಡದಲ್ಲಿ ಮುಗಿದ ಅರ್ಧ ಕಥೆ ಮಾತ್ರ.