ಏಳು ತಂತಿ ಮತ್ತು ಕೊನೇ ಸಾಲು

ಬೆಂಗಳೂರಲ್ಲಿ ಮಲ್ಲೇಶ್ವರದ ಹತ್ತಿರ ಇರೋ ಚೌಡಯ್ಯ ಮೆಮೋರಿಯಲ್ ಹಾಲ್ ನಿಮಗೆ ಗೊತ್ತೇ ಇರುತ್ತೆ. ಪಿಟೀಲಿನ ಆಕಾರದ ಕಟ್ಟಡ. ವೀಕೆಂಡಿಗೆ ನಾಟಕ ನೋಡೋಕೆ ಹೋಗ್ತೀವಿ, ಹೊರಗೆ ನಿಂತು ಒಂದು ಸೆಲ್ಫಿ ತಗೊಂಡು ಬರ್ತೀವಿ. ಆ ಕಟ್ಟಡ ನೆನಪಿಸೋದು ಮಾಮೂಲಿ ಪಿಟೀಲನ್ನಲ್ಲ, ಏಳು ತಂತಿಯ ಪಿಟೀಲನ್ನ. ಎಲ್ಲರದ್ದೂ ನಾಲ್ಕು ತಂತಿ ಇರುವಾಗ ಈ ಮನುಷ್ಯನಿಗೆ ಏಳು ಯಾಕೆ ಬೇಕಾಯ್ತು ಅಂತ ಕೇಳಿದ್ರೆ "ಪ್ರತಿಭೆ ರೀ, ಏನೋ ಹೊಸತು ಮಾಡಿದ್ರು" ಅನ್ನೋ ಉತ್ತರ ಬರುತ್ತೆ. ನನಗೆ ಆ ಉತ್ತರ ಸಾಲದು. ಪಿಟೀಲು ಚೌಡಯ್ಯನವರಿಗೆ ಅದು ಹೊಸತನದ ಚಟ ಆಗಿರಲಿಲ್ಲ, ಕೆಲಸದ ಸಮಸ್ಯೆ ಆಗಿತ್ತು.

ಚೌಡಯ್ಯ 1895ರಲ್ಲಿ, ತಿ. ನರಸೀಪುರದ ತಿರುಮಕೂಡಲಲ್ಲಿ ಹುಟ್ಟಿದವರು. ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಹತ್ತಿರ ಗುರುಕುಲದ ರೀತಿಯಲ್ಲಿ ವರ್ಷಗಟ್ಟಲೆ ಕಲಿತರು. ಗುರು ಗಾಯಕರು, ಶಿಷ್ಯ ಪಿಟೀಲುಗಾರ. ಹಾಗಾಗಿ ಕಲಿತಿದ್ದೇ ಹಾಡೋರ ಉಸಿರು ಹಿಡಿದು ನಡೆಯೋದನ್ನ. ಮುಂದೆ ಅವರು ಕೂತಿದ್ದು ಎಂಥವರ ಪಕ್ಕ? ಅರಿಯಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್. ಚೆಂಬೈ ಅವರದು ಕಂಚಿನ ಕಂಠ. ಆ ಕಡೆ ಪಾಲ್ಘಾಟ್ ಮಣಿ ಅಯ್ಯರ್ ಮೃದಂಗ. ಮೈಕ್ ಇನ್ನೂ ಎಲ್ಲ ಕಡೆ ಬಂದಿರದ ಕಾಲ. ನಡುವೆ ಸಿಕ್ಕ ಪಿಟೀಲು ಕೊನೇ ಸಾಲಿಗೆ ಕೇಳಬೇಕಲ್ಲ? 1920ರ ದಶಕದಲ್ಲಿ ಅವರು ಇನ್ನೂ ಮೂರು ತಂತಿ ಸೇರಿಸಿದ್ದು ಇದಕ್ಕೇ.

ಇದು ನಮ್ಮ ಕಡೆಯವರಿಗೆ ಬೇಗ ಅರ್ಥ ಆಗುತ್ತೆ. ನಮ್ಮದು ಯರಗಟ್ಟಿ. ಕರ್ನಾಟಕ ಸಂಗೀತ ನಮಗೆ ದೂರದ್ದು. ಭಜನಿ, ಹಾರ್ಮೋನಿಯಂ, ಆಮೇಲೆ ಧಾರವಾಡದ ಗಾಯಕರು, ಇಷ್ಟೇ. ಆದ್ರೆ ಸವದತ್ತಿ ಎಲ್ಲಮ್ಮನ ಗುಡ್ಡದಾಗ ಚೌಡಿಕೆ ಕೇಳಿದ್ದೀವಿ. ಒಂದೇ ತಂತಿ. ಕಂಕುಳಲ್ಲಿ ಇಟ್ಕೊಂಡು ಮೀಟ್ತಾರೆ. ಜಾತ್ರಿ ಗದ್ದಲದಾಗೂ ಅದು ಹಾಡಿನ ಜೊತೆ ಕೇಳಸ್ತದ. ವಾದ್ಯದ ರೂಪ ಅದನ್ನ ಎಲ್ಲಿ ಬಾರಿಸ್ತಾರೆ ಅನ್ನೋದರ ಮೇಲೂ ನಿಂತಿರುತ್ತೆ. ಬಯಲಿಗೆ ಒಂದು ರೂಪ, ಸಭಾಂಗಣಕ್ಕೆ ಇನ್ನೊಂದು.

ಈಗ ಎಂಜಿನಿಯರ್ ಬುದ್ಧಿಗೆ ಬರೋಣ. ತಂತಿ ಎರಡಾದ್ರೆ ಸದ್ದು ಎರಡು ಪಟ್ಟು ಆಗಲ್ಲ. ಒಂದೇ ಬಲದ ಎರಡು ಸದ್ದು ಕೂಡಿದ್ರೆ ಹೆಚ್ಚೋದು ಸುಮಾರು 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಅನ್ನಿಸೋಕೆ ಸುಮಾರು 10 ಬೇಕು. ಇಲ್ಲಿ ಬಿಲ್ಲೂ ಒಂದೇ, ತೋಳೂ ಒಂದೇ. ಹಾಗಾಗಿ ಸಿಕ್ಕ ಲಾಭ ಸದ್ದಿಗಿಂತ ನಾದದ ದಪ್ಪ ಅಂತ ನನ್ನ ಲೆಕ್ಕ. ಅದಕ್ಕೆ ಕೊಟ್ಟ ಬೆಲೆಯೂ ದೊಡ್ಡದು. ಪಿಟೀಲಿಗೆ ಮೆಟ್ಟಿಲು ಇಲ್ಲ. ಒಂದು ತಂತಿ ಮೇಲೆ ಬೆರಳು ಕೂದಲೆಳೆ ಸರಿದ್ರೂ ಅಪಸ್ವರ. ತಂತಿಗಳು ಹೆಚ್ಚಾಗಿ ಒತ್ತೊತ್ತಾಗಿ ಕೂತಾಗ ಶ್ರುತಿ ಮಾಡೋದೂ ಕಷ್ಟ, ತಪ್ಪು ಮುಚ್ಚೋದೂ ಕಷ್ಟ.

ಹಳೇ ರೆಕಾರ್ಡಿಂಗ್ ಕೇಳಿದ್ರೆ ನನಗನ್ನಿಸೋದನ್ನ ನೇರವಾಗಿ ಹೇಳ್ತೀನಿ. ಚೌಡಯ್ಯನವರ ನಾದ ನಯವಾದದ್ದಲ್ಲ. ವೇಗದ ಸಂಗತಿಗಳಲ್ಲಿ ಅಂಚು ಸ್ವಲ್ಪ ಮಸುಕಾಗುತ್ತೆ. ಬರೀ ಇಂಪು ಬೇಕು ಅಂದ್ರೆ ಅದೇ ಕಾಲದ ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರ ನಾಲ್ಕು ತಂತಿ ಸಾಕು. ಆದ್ರೆ ಇಂಪೊಂದೇ ಅಳತೆಗೋಲಾ? ಹಂಗೇರಿಯ ಯೋಸೆಫ್ ಸಿಗೆಟಿ ಚೌಡಯ್ಯನವರಿಗಿಂತ ಮೂರು ವರ್ಷ ದೊಡ್ಡವರು. ಅವರ ನಾದವೂ ಒಣಕಲು ಅಂತ ಅನ್ನಿಸಿಕೊಂಡದ್ದೇ. ಆದರೂ 1940ರಲ್ಲಿ ವಾಷಿಂಗ್ಟನ್ನಲ್ಲಿ ಬಾರ್ಟೋಕ್ ಪಿಯಾನೋ ಜೊತೆ ಅವರು ನುಡಿಸಿದ್ದನ್ನ ಜನ ಇವತ್ತೂ ಹುಡುಕಿ ಕೇಳ್ತಾರೆ. ಯಾಕಂದ್ರೆ ಅಲ್ಲಿ ಒಂದು ವಾದ್ಯ ಇನ್ನೊಂದರ ಮಾತು ಕೇಳಿಸ್ಕೊಂಡು ಉತ್ತರ ಕೊಡುತ್ತೆ. ಚೌಡಯ್ಯನವರ ದೊಡ್ಡತನವೂ ಅಲ್ಲೇ ಇದೆ. ಗಾಯಕ ಆಲಾಪನೆಯ ಒಂದು ಸಾಲು ಬಿಟ್ಟ ಕೂಡಲೇ ಇವರು ಅದರ ಬಾಲ ಹಿಡಿದು ಹೊರಡ್ತಾರೆ. ನಕಲು ಮಾಡಿ ಒಪ್ಪಿಸಲ್ಲ, ಮುಂದಿನ ಸಾಲಿಗೆ ದಾರಿ ಮಾಡಿ ಕೊಡ್ತಾರೆ.

ಹಾಗಂತ ಮುಂದೆ ಬರೋಕೆ ಹೆದರಿದವರೂ ಅಲ್ಲ. ಮೈಸೂರು ಆಸ್ಥಾನ ವಿದ್ವಾಂಸರಾದರು, "ತ್ರಿಮಕುಟ" ಅಂಕಿತದಲ್ಲಿ ಕೃತಿ ರಚಿಸಿದರು, 1943ರಲ್ಲಿ "ವಾಣಿ" ಅನ್ನೋ ಕನ್ನಡ ಸಿನಿಮಾ ತೆಗೆದರು, 1957ರಲ್ಲಿ ಮದ್ರಾಸಿನ ಸಂಗೀತ ಕಲಾನಿಧಿ ಪಡೆದರು. 1967ರಲ್ಲಿ ತೀರಿಕೊಂಡರು. ಏಳು ತಂತಿ ಮಾತ್ರ ರೂಢಿಯಾಗಲಿಲ್ಲ. ಮೈಕ್ ಬಂತು, ಸಮಸ್ಯೆ ಹೋಯ್ತು, ಪರಿಹಾರವೂ ಹೋಯ್ತು. ಇದನ್ನ ಸೋಲು ಅಂತ ನಾನು ಕರೆಯಲ್ಲ. ನಾವು ಬರೆದ ಕೋಡ್‌ನಲ್ಲಿ ಹತ್ತು ವರ್ಷ ಉಳಿಯೋದೆಷ್ಟು ಹೇಳಿ?

ನನ್ನ ತಕರಾರು ಸ್ಮಾರಕದ ಬಗ್ಗೆ. ನಾವು ಉಳಿಸಿಕೊಂಡಿದ್ದು ಒಂಟಿ ಪಿಟೀಲಿನ ಆಕಾರ. ಅದರ ಪಕ್ಕ ಹಾಡೋರಿಲ್ಲ, ಮೃದಂಗ ಇಲ್ಲ. ಆಫೀಸಲ್ಲಿ ಡೆಮೋ ಕೊಡೋನ ಹೆಸರು ಎಲ್ಲರಿಗೂ ಗೊತ್ತಿರುತ್ತೆ, ಹಿಂದೆ ಸಿಸ್ಟಮ್ ಬೀಳದ ಹಾಗೆ ನೋಡ್ಕೊಂಡೋನ ಹೆಸರು ಗೊತ್ತಿರಲ್ಲ. ಇಲ್ಲಿ ಹೆಸರು ಉಳಿದಿದೆ, ಮಾಡಿದ ಕೆಲಸ ಮರೆತಿದೆ. ಚೆಂಬೈ, ಚೌಡಯ್ಯ, ಮಣಿ ಅಯ್ಯರ್ ಕೂಡಿ ನುಡಿಸಿದ ಒಂದು ಕಚೇರಿ ಹುಡುಕಿ, ಹೆಡ್‌ಫೋನ್ ಹಾಕ್ಕೊಳ್ಳಿ. ಮೊದಲ ಸಲ ಗಾಯನ ಕೇಳಿ. ಎರಡನೇ ಸಲ, ಗಾಯಕ ಉಸಿರು ತಗೊಳ್ಳೋ ಜಾಗದಲ್ಲಿ ಪಿಟೀಲು ಏನು ಮಾಡುತ್ತೆ ಅನ್ನೋದನ್ನಷ್ಟೇ ಕೇಳಿ.