ಕಾಗದದಷ್ಟು ಸಂದು

ಪೂಲ್ ಆಟದಲ್ಲಿ ಮೋಸ ಎಂದ ಕೂಡಲೇ ಎಲ್ಲರ ಕಣ್ಣು ಕೋಲಿನ ಕಡೆ ಹೋಗುತ್ತದೆ. ಸೀಸ ತುಂಬಿದ ಕೋಲು, ಅಯಸ್ಕಾಂತ ಹುದುಗಿಸಿದ ಬಿಳಿ ಚೆಂಡು, ಮೇಜಿನ ಒಂದು ಕಾಲಿನಡಿ ಮಡಿಸಿಟ್ಟ ರಟ್ಟು. ಸಿನಿಮಾಗಳು ನಮ್ಮ ತಲೆಗೆ ತುಂಬಿದ್ದು ಇದನ್ನೇ. ಮೂವತ್ತು ವರ್ಷದಿಂದ ಈ ಆಟ ನೋಡುತ್ತ, ನಡುನಡುವೆ ಆಡಿ ಸೋಲುತ್ತ ಬಂದವನು ನಾನು. ವೃತ್ತಿಪರರು ಒಬ್ಬರನ್ನೊಬ್ಬರು ಅತಿ ಹೆಚ್ಚು ಗುಮಾನಿಯಿಂದ ನೋಡುವುದು ಯಾರೂ ಏನನ್ನೂ ಹೊಡೆಯದ ಹೊತ್ತಿನಲ್ಲಿ. ಒಂಬತ್ತು ಚೆಂಡು ಜೋಡಿಸಿ, ಚೌಕಟ್ಟನ್ನು ಮೆಲ್ಲಗೆ ಎತ್ತುವ ಆ ನಾಲ್ಕು ಸೆಕೆಂಡಿನಲ್ಲಿ.

ಇದನ್ನು ನನಗೆ ಕಲಿಸಿದ್ದು ಬೆಂಗಳೂರಿನ ಒಂದು ಪಾರ್ಲರಿನ ಮಾರ್ಕರ್. ಕ್ಲಬ್ಬಿನವರು ಕ್ಯೂ ಎನ್ನುವುದನ್ನು ಪಾರ್ಲರಿನ ಹುಡುಗರು ಸ್ಟಿಕ್ ಎನ್ನುತ್ತಾರೆ, ಆದರೆ ಮೇಜು ನೋಡಿಕೊಳ್ಳುವವನು ಎರಡೂ ಕಡೆ ಮಾರ್ಕರ್ರೇ. ಆ ಸಂಜೆ ನಾನೊಬ್ಬ ಅಪರಿಚಿತನ ಜತೆ ನೈನ್ ಬಾಲ್ ಆಡುತ್ತಿದ್ದೆ. ಸೋತವನು ಟೇಬಲ್ ಮನಿ ಕೊಡಬೇಕು, ಮೇಲೊಂದಿಷ್ಟು ಪಂದ್ಯದ ದುಡ್ಡು. ಗುಂಪು ಒಡೆಯುವ ಮೊದಲ ಹೊಡೆತ, ಅಂದರೆ ಬ್ರೇಕ್, ನನ್ನದಾದಾಗಲೆಲ್ಲ ಆ ಮನುಷ್ಯ ಬಲು ಮರ್ಯಾದೆಯಿಂದ ತಾನೇ ಚೆಂಡು ಜೋಡಿಸಿಕೊಡುತ್ತಿದ್ದ. ನಾನು ಮೈಯೆಲ್ಲ ಶಕ್ತಿ ಹಾಕಿ ಹೊಡೆದರೂ ಗುಂಪು ಒದ್ದೆ ಮರಳಿನ ಗುಪ್ಪೆಯ ಹಾಗೆ ಅಲ್ಲಲ್ಲೇ ಕುಸಿಯುತ್ತಿತ್ತು. ಒಂದೂ ಬೀಳುತ್ತಿರಲಿಲ್ಲ. ಜೇಬು ಖಾಲಿಯಾಗಿ ಹೊರಟಾಗ ಮಾರ್ಕರ್ ಬಾಗಿಲ ಹತ್ತಿರ ತಡೆದು ಹೇಳಿದ: “ಸಾರ್, ನೀವು ಅವ್ನ ಸ್ಟಿಕ್ ನೋಡ್ತಿದ್ರಿ. ಹೆಬ್ಬೆರಳು ನೋಡ್ಬೇಕಿತ್ತು.”

ಮಾರನೆಯ ದಿನ ಗಿರಾಕಿಗಳಿಲ್ಲದ ಹೊತ್ತಲ್ಲಿ ಮಾಡಿ ತೋರಿಸಿದ. ಚೆಂಡುಗಳನ್ನೆಲ್ಲ ಬೆರಳಿನಿಂದ ಮುಂದಕ್ಕೆ ಒತ್ತುವುದು, ಎಲ್ಲರಿಗೂ ಕಾಣುವ ಹಾಗೆ. ತ್ರಿಕೋಣ ಎತ್ತುವ ಗಳಿಗೆಯಲ್ಲಿ ಹಿಂದಿನ ಚೆಂಡಿನ ಮೇಲಿದ್ದ ಹೆಬ್ಬೆರಳನ್ನು ಒಂಚೂರು ಸಡಿಲಿಸುವುದು. ಅಷ್ಟೇ. ನಾನು ಮೇಜಿನ ಅಂಚಿಗೆ ಗಲ್ಲ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದೆ. ಮೊದಲ ಚೆಂಡಿಗೂ ಅದರ ಹಿಂದಿನದಕ್ಕೂ ನಡುವೆ ಕೂದಲೆಳೆಯಂಥ ಬೆಳಕಿನ ಗೆರೆ. ನಿಂತು ನೋಡಿದರೆ ಏನೂ ಇಲ್ಲ, ಅಚ್ಚುಕಟ್ಟಾದ ವಜ್ರಾಕೃತಿ.

ಆ ಗೆರೆಯ ಬೆಲೆ ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ಬೇಕು. ನೈನ್ ಬಾಲ್ ಜೋಡಣೆಯಲ್ಲಿ ಚೆಂಡುಗಳು ಒಂದನ್ನೊಂದು 16 ಕಡೆ ಮುಟ್ಟಬೇಕು. ಹದಿನಾರೂ ಮುಟ್ಟಿದ್ದರೆ ಬಿಳಿ ಚೆಂಡಿನ ಪೆಟ್ಟು ಒಂದರಿಂದೊಂದಕ್ಕೆ ಸರಸರನೆ ಹರಿದು, ಅಕ್ಕಪಕ್ಕದ ಮೂಲೆಗಳಲ್ಲಿ ಕೂತ ವಿಂಗ್ ಬಾಲುಗಳು ಮೂಲೆ ಪಾಕೆಟಿನ ದಾರಿ ಹಿಡಿಯುತ್ತವೆ. ಒಂದೆರಡು ಕಡೆ ಸಂದು ಬಿದ್ದರೆ ಪೆಟ್ಟು ಅಲ್ಲೇ ದಾರಿ ತಪ್ಪುತ್ತದೆ. ಈಗ ನಿಯಮದ ಕಡೆ ನೋಡಿ. ಚೆಂಡಿನ ವ್ಯಾಸ 57.15 ಮಿಲಿಮೀಟರ್ ಇರಬೇಕು, 0.127 ಮಿಲಿಮೀಟರಿನಷ್ಟು ವ್ಯತ್ಯಾಸ ನಡೆಯುತ್ತದೆ ಎನ್ನುತ್ತದೆ ಅದು. ನಾವು ಬರೆಯುವ ಕಾಗದದ ದಪ್ಪ ಸುಮಾರು 0.1 ಮಿಲಿಮೀಟರ್. ಅಂದರೆ ನಿಯಮವೇ ಮನ್ನಿಸುವ ವ್ಯತ್ಯಾಸದೊಳಗೆ ಒಂದು ಕಾಗದ ತೂರುತ್ತದೆ. ಸತ್ಯಹರಿಶ್ಚಂದ್ರನೇ ಬಂದು ಜೋಡಿಸಿದರೂ ಸಂದು ಬೀಳಬಹುದು. ಹಾಗಾಗಿ ಸಂದು ಕಂಡಿತೆಂದು ಯಾರನ್ನೂ ಕಳ್ಳನೆನ್ನುವ ಹಾಗಿಲ್ಲ, ಕಾಣಲಿಲ್ಲವೆಂದು ಸಾಚಾ ಎನ್ನುವ ಹಾಗೂ ಇಲ್ಲ. ಇನ್ನು ಒಮ್ಮೆ ಬ್ರೇಕ್ ಹೊಡೆದರೆ ಸಾಕ್ಷಿಯೇ ಚೆಲ್ಲಾಪಿಲ್ಲಿ. ಹತ್ತೊಂಬತ್ತು ಕ್ಯಾಮೆರಾ ಇಟ್ಟರೂ ತನಿಖೆ ಮಾಡಲು ಆ ಗುಂಪು ಎಲ್ಲಿ ಉಳಿದಿರುತ್ತದೆ?

ಸ್ನೂಕರ್‌ನಲ್ಲಿ ಈ ತಲೆನೋವಿಲ್ಲ. ಅಲ್ಲಿ ಮೊದಲ ಹೊಡೆತ ಕೆಂಪು ಗುಂಪಿನ ಅಂಚನ್ನು ಸವರಿ ಬಿಳಿ ಚೆಂಡನ್ನು ವಾಪಸು ಕರೆಸಿಕೊಳ್ಳುವ ಎಚ್ಚರಿಕೆಯ ಹೊಡೆತ. ಕೆಂಪು ಎಷ್ಟು ಬಿಗಿಯಾಗಿ ಕೂತಿದೆ ಎಂದು ಯಾರೂ ಮಂಡಿಯೂರಿ ನೋಡುವುದಿಲ್ಲ. ಅರವಿಂದ್ ಸವೂರ್ ಅವರ ಗರಡಿಯಲ್ಲಿ ಪಂಕಜ್ ಅಡ್ವಾಣಿಯಂಥವರನ್ನು ಬೆಳೆಸಿದ ನಮ್ಮ ಬೆಂಗಳೂರಿನ ಬಿಲಿಯರ್ಡ್ಸ್ ಲೋಕದ ಹಿರಿಯರಿಗೆ ಪೂಲಿನವರ ಈ ರ್ಯಾಕ್ ಜಗಳ, ಅಂದರೆ ಚೆಂಡು ಜೋಡಣೆಯ ಜಗಳ, ಕೊಂಚ ಬೀದಿ ನಲ್ಲಿಯ ಜಗಳದಂತೆ ಕಂಡರೆ ಆಶ್ಚರ್ಯವಿಲ್ಲ. ಹಾಗೆಂದು ಸ್ನೂಕರ್ ಗಂಗೆಯಲ್ಲಿ ಮಿಂದು ಬಂದದ್ದೂ ಅಲ್ಲ. 2023ರಲ್ಲಿ ಮ್ಯಾಚ್ ಫಿಕ್ಸಿಂಗ್ ಪ್ರಕರಣದಲ್ಲಿ ಚೀನಾದ ಹತ್ತು ಆಟಗಾರರಿಗೆ ಶಿಕ್ಷೆಯಾಯಿತು. ಲಿಯಾಂಗ್ ವೆನ್‌ಬೊ, ಲಿ ಹಾಂಗ್ ಇಬ್ಬರಿಗೂ ಆಜೀವ ನಿಷೇಧ. ಇಪ್ಪತ್ತು ತಿಂಗಳ ಶಿಕ್ಷೆ ಮುಗಿಸಿ ಬಂದ ಝಾವೊ ಶಿನ್‌ಟಾಂಗ್ 2025ರಲ್ಲಿ ವಿಶ್ವ ಚಾಂಪಿಯನ್ನೇ ಆದ. ಆ ಬಗೆಯ ಮೋಸಕ್ಕೆ ದುಡ್ಡಿನ ಜಾಡು ಇರುತ್ತದೆ, ಮಾತುಕತೆಯ ಜಾಡು ಇರುತ್ತದೆ, ಹಿಡಿದು ಹೊರಟರೆ ಎಲ್ಲೋ ಒಂದು ಕಡೆ ತಲುಪಬಹುದು. ಹೆಬ್ಬೆರಳಿಗೆ ಯಾವ ಜಾಡು?

ಪೂಲ್ ಹುಟ್ಟಿ ಬೆಳೆದ ಅಮೆರಿಕದಲ್ಲಿ ಗುಮಾನಿ ಆಟದ ಜತೆಗೇ ಬಂದದ್ದು. 1961ರಲ್ಲಿ ಇಲಿನಾಯ್ ರಾಜ್ಯದ ಜಾನ್‌ಸ್ಟನ್ ಸಿಟಿಯಲ್ಲಿ ಜಾನ್ಸ್‌ಕೊ ಸೋದರರು ಶುರುಮಾಡಿದ ಪ್ರಸಿದ್ಧ ಟೂರ್ನಿಗೆ ಬರುತ್ತಿದ್ದವರೇ ಜೂಜಿನ ಆಟಗಾರರು. ಹೆಸರು ಮರೆಸಿಕೊಂಡು ಆಡುವುದೂ ಅಲ್ಲಿ ಒಂದು ವಿದ್ಯೆ. 1985ರಲ್ಲಿ ಹ್ಯೂಸ್ಟನ್‌ಗೆ ಬಂದ ಫಿಲಿಪೀನ್ಸ್‌ನ ಎಫ್ರೆನ್ ರೇಯಸ್, ಸೆಸಾರ್ ಮೊರಾಲೆಸ್ ಎಂದು ಹೆಸರು ಬರೆಸಿ ಟೂರ್ನಿ ಗೆದ್ದುಕೊಂಡು ಹೋದ. ಅದನ್ನು ಯಾರೂ ಮೋಸ ಎನ್ನುವುದಿಲ್ಲ, ಇಂದಿಗೂ ಖುಷಿಯಿಂದ ಹೇಳಿಕೊಳ್ಳುತ್ತಾರೆ. ನಾನೂ ಹೇಳುತ್ತೇನೆ. ಆ ಮನುಷ್ಯ ಆಡುವುದನ್ನು ಕಂಡವರಿಗೆ ಹೆಸರಿನ ಗೊಡವೆ ಇರುವುದಿಲ್ಲ.

ಸಲಕರಣೆಯ ಬಗೆಗಿನ ಗುಮಾನಿಗಳೂ ಎಲ್ಲ ಸುಳ್ಳಲ್ಲ. ಅಮೆರಿಕದ ಬಾರುಗಳ ನಾಣ್ಯ ಹಾಕಿ ಆಡುವ ಮೇಜುಗಳಲ್ಲಿ ಬಿಳಿ ಚೆಂಡು ಮಾತ್ರ ವಾಪಸು ಬರಬೇಕಾದ್ದರಿಂದ ಅದನ್ನು ಕೊಂಚ ದಪ್ಪಗೆ ಅಥವಾ ಭಾರವಾಗಿ ಮಾಡುವ ರೂಢಿ ಇತ್ತು. ಭಾರದ ಚೆಂಡು ಹಿಂದಕ್ಕೆ ಎಳೆದರೆ ಬರುವುದಿಲ್ಲ, ಮುಂದಕ್ಕೆ ಬಿಟ್ಟರೆ ನಿಲ್ಲುವುದಿಲ್ಲ. ಆ ಚೆಂಡಿನ ಗುಣ ಗೊತ್ತಿದ್ದ ಊರ ಹುಡುಗನ ಮುಂದೆ ಪರವೂರಿನ ಚಾಂಪಿಯನ್ನೂ ಪೇಚಿಗೆ ಬೀಳುತ್ತಿದ್ದ. ಸಿಲಿಕೋನ್ ಸವರಿದ ಚೆಂಡು ಜಾರುವುದು, ಅಂಟಿ ನಿಂತ ಎರಡು ಚೆಂಡಿನ ನಡುವೆ ಎಂಜಲು ತಾಗಿಸಿದರೆ ಅವು ಹೋಗುವ ಕೋನ ಬದಲಾಗುವುದು, ಇವೂ ನಿಜ. ಆದರೆ ದೊಡ್ಡ ಟೂರ್ನಿಯಲ್ಲಿ ಇಬ್ಬರೂ ಆಡುವುದು ಅದೇ ಚೆಂಡಿನಿಂದ, ಅದೇ ಬಟ್ಟೆಯ ಮೇಲೆ. ಲಾಭವೋ ನಷ್ಟವೋ ಇಬ್ಬರಿಗೂ ಒಂದೇ. ರ್ಯಾಕ್ ಹಾಗಲ್ಲ, ಪ್ರತಿಸಲವೂ ಒಬ್ಬನಿಗಾಗಿ ಹೊಸದಾಗಿ ಕಟ್ಟುವಂಥದ್ದು.

ಅದನ್ನು ಯಾರು ಕಟ್ಟಬೇಕು? ಎದುರಾಳಿ ಜೋಡಿಸಿದರೆ ಬೇಕೆಂದೇ ಸಡಿಲ ಬಿಟ್ಟ ಎಂಬ ಗುಮಾನಿ. ತಾನೇ ಜೋಡಿಸಿಕೊಂಡರೆ ಬೇಕಾದ ಹಾಗೆ ಕೂರಿಸಿಕೊಂಡ ಎಂಬ ಗುಮಾನಿ. ಒಂದನೇ ಚೆಂಡು ತುದಿಯಲ್ಲಿ, ಒಂಬತ್ತನೆಯದು ನಡುವೆ, ಉಳಿದವು ಯಾವ ಉದ್ದೇಶವೂ ಇಲ್ಲದೆ ಹೇಗೋ ಹಾಗೆ ಇರಬೇಕು ಎನ್ನುತ್ತದೆ ನಿಯಮ. ಉದ್ದೇಶವನ್ನು ಅಳೆಯುವ ಪಟ್ಟಿ ಯಾರ ಬಳಿಯೂ ಇಲ್ಲ. ಎರಡನೇ ಚೆಂಡು ಬ್ರೇಕ್ ಆದ ಮೇಲೆ ಎಲ್ಲಿಗೆ ಉರುಳುತ್ತದೆ ಎಂದು ಬಲ್ಲವನು ಅದನ್ನು ಅದೇ ಜಾಗದಲ್ಲಿಟ್ಟು, ಕೈಗೆ ಸಿಕ್ಕಿದ್ದು ಇಟ್ಟೆ ಎಂದರೆ ಏನು ಮಾಡುವಿರಿ? ಎದುರಾಳಿ ಜೋಡಿಸುವ ಪದ್ಧತಿಯಲ್ಲಂತೂ ಬ್ರೇಕ್ ಹೊಡೆಯುವವನು ಬಂದು ಬಗ್ಗಿ ನೋಡುವುದು, ಮತ್ತೆ ಜೋಡಿಸು ಎನ್ನುವುದು, ಅವನು ಗೊಣಗುವುದು, ಇವನು ಮತ್ತೆ ಬಗ್ಗುವುದು. ಮದುವೆ ಮನೆಯಲ್ಲಿ ಬೀಗರು ಬೆಳ್ಳಿ ಸಾಮಾನು ತೂಕ ಹಾಕಿಸಿದಂತೆ.

ಸಂದನ್ನೇ ಇಲ್ಲವಾಗಿಸಿಬಿಟ್ಟರೆ? ಆ ಪ್ರಯತ್ನವೂ ಆಯಿತು. ಯುರೋಪಿನಲ್ಲಿ ಒಂದು ಕಾಲಕ್ಕೆ ಚೆಂಡು ಕೂರುವ ಜಾಗದಲ್ಲಿ ಬಟ್ಟೆಯನ್ನು ತಟ್ಟಿ ತಟ್ಟಿ ಸಣ್ಣ ಗುಳಿ ಮಾಡುತ್ತಿದ್ದರು, ಚೆಂಡು ತಾನಾಗಿ ಅಲ್ಲಿ ನಿಲ್ಲಲೆಂದು. ಇಡ್ಲಿ ತಟ್ಟೆಯ ಗುಳಿ ನೆನೆಸಿಕೊಳ್ಳಿ, ಆದರೆ ಕಣ್ಣಿಗೆ ಕಾಣದಷ್ಟು ಆಳದ್ದು. ಆಮೇಲೆ ಅದೇ ಜಾಗದಲ್ಲಿ ಮೆಲ್ಲಗೆ ಉರುಳಿ ಬಂದ ಚೆಂಡು ತೂಕಡಿಸಿ ದಾರಿ ಬಿಡುವುದೂ ಉಂಟು. ಅದು ಬೇಡವೆಂದವರು ತೂತುಗಳಿರುವ ತೆಳು ಪ್ಲಾಸ್ಟಿಕ್ ಹಾಳೆ ತಂದರು. ಮ್ಯಾಜಿಕ್ ರ್ಯಾಕ್ ಆ ಜಾತಿಯದು. ಅದಕ್ಕೂ ಮೊದಲು ಬಂದದ್ದು, ಚೆಂಡುಗಳನ್ನು ಅದುಮಿ ಒತ್ತಾಗಿ ಕೂರಿಸುವ ಸಾರ್ಡೊ ತ್ರಿಕೋಣ.

ಮೋಸಕ್ಕೆ ಮದ್ದೆಂದು ತಂದ ಆ ತ್ರಿಕೋಣ ಹೇಗೆ ಹೊಸ ಗುಮಾನಿ ಹೆತ್ತಿತೆಂಬುದಕ್ಕೆ 2001ರ ಯು.ಎಸ್. ಓಪನ್ ನೋಡಬೇಕು. ಅಮೆರಿಕದ ಕೋರಿ ಡ್ಯುಯೆಲ್‌ಗೆ ಒಂದು ಗುಟ್ಟು ಹೊಳೆದಿತ್ತು. ರ್ಯಾಕ್ ಪೂರ್ತಿ ಬಿಗಿ ಇದ್ದ ಮೇಲೆ ವಿಂಗ್ ಬಾಲ್ ಹೇಗೂ ಪಾಕೆಟಿನ ದಾರಿಯಲ್ಲೇ ಇರುತ್ತದೆ, ಮತ್ತೇಕೆ ಬಲ ಹಾಕಿ ಹೊಡೆಯಬೇಕು? ಎಲ್ಲರೂ ಸಿಡಿಲಿನ ಹಾಗೆ ಬ್ರೇಕ್ ಹೊಡೆಯುತ್ತಿದ್ದ ಕಾಲದಲ್ಲಿ ಅವನು ಮಲಗಿದ ಮಗುವನ್ನು ತಟ್ಟುವ ಹಾಗೆ ಹೊಡೆದ. ವಿಂಗ್ ಬಾಲ್ ಓಲಾಡುತ್ತ ಹೋಗಿ ಮೂಲೆಯಲ್ಲಿ ಬೀಳುತ್ತಿತ್ತು. ಮೆತ್ತಗೆ ಹೊಡೆದದ್ದರಿಂದ ಉಳಿದ ಚೆಂಡುಗಳೂ ಅವನು ಎಣಿಸಿದಲ್ಲೇ ನಿಲ್ಲುತ್ತಿದ್ದವು. ಗೆದ್ದವನೇ ಮತ್ತೆ ಬ್ರೇಕ್ ಮಾಡುವ ಪದ್ಧತಿ ಬೇರೆ. ಫೈನಲ್‌ನಲ್ಲಿ ಎದುರಿಗಿದ್ದವನು ಫಿನ್ಲೆಂಡಿನ ಮಿಕಾ ಇಮ್ಮೋನೆನ್, ಅದೇ ವರ್ಷ ಕಾರ್ಡಿಫ್‌ನಲ್ಲಿ ವಿಶ್ವ ಚಾಂಪಿಯನ್ ಆದವನು. ಫಲಿತಾಂಶ 11-0.

ಡ್ಯುಯೆಲ್ ಒಂದೇ ಒಂದು ನಿಯಮ ಮುರಿದಿರಲಿಲ್ಲ. ಹಾಗಿದ್ದೂ ಇದು ಆಟವಲ್ಲ ಎಂಬ ಗೊಣಗಾಟ ನಿಲ್ಲಲಿಲ್ಲ. ನನ್ನ ಮಟ್ಟಿಗೆ ಅದು ಪೂಲ್ ಕಂಡ ಅತಿ ಬುದ್ಧಿವಂತ ವಾರಗಳಲ್ಲೊಂದು. ಸಂದಿನ ಲಾಭ ಪಡೆದವರನ್ನು ಕಳ್ಳರೆನ್ನುತ್ತಿದ್ದವರು ಸಂದೇ ಇಲ್ಲದ್ದರ ಲಾಭ ಪಡೆದವನನ್ನೂ ಹಾಗೇ ನೋಡಿದರು. ಮುಂದೆ ನಿಯಮ ಬಂತು. ಬ್ರೇಕ್‌ನಲ್ಲಿ ಕನಿಷ್ಠ ಮೂರು ಚೆಂಡು ಬೀಳಬೇಕು ಇಲ್ಲವೇ ಮೇಜಿನ ಮೇಲಿನ ಗೆರೆ ದಾಟಿ ಬರಬೇಕು. ಮೆತ್ತನೆ ತಟ್ಟುವವರ ಕೈ ಕಟ್ಟಿತು.

ಕೊನೆಗೆ ನಿಜವಾದ ಪೆಟ್ಟು ಕೊಟ್ಟದ್ದು ಕಾವಲಲ್ಲ, ಲೆಕ್ಕ. ಮ್ಯಾಚ್‌ರೂಮ್ ಸಂಸ್ಥೆಯ ಟೂರ್ನಿಗಳಲ್ಲಿ ಒಂದನೇ ಚೆಂಡಿನ ಬದಲು ಒಂಬತ್ತನೆಯದನ್ನು ಮೇಜಿನ ಚುಕ್ಕೆಯ ಮೇಲೆ ಇಡಿಸಿದರು. ಇಡೀ ಗುಂಪು ಸುಮಾರು 10 ಸೆಂಟಿಮೀಟರ್ ಮುಂದಕ್ಕೆ ಬಂತು. ಇಷ್ಟೇ ಬದಲಾವಣೆ. ಆದರೆ ಈಗ ಬಿಗಿ ರ್ಯಾಕ್‌ನ ವಿಂಗ್ ಬಾಲ್ ಮೂಲೆಯ ಬಾಯಿಗೆ ಹೋಗದೆ ಅದಕ್ಕೂ ಮುಂಚೆ ಕುಶನ್ನಿಗೆ ಬಡಿಯುತ್ತದೆ. ಬ್ರೇಕ್ ಎಲ್ಲಿಂದ ಹೊಡೆಯಬೇಕೆಂದೂ ಒಂದು ಚೌಕ ಎಳೆದರು. ಟಿವಿ ಮೇಜಿನಲ್ಲಿ ಚೆಂಡು ಜೋಡಿಸುವುದು ರೆಫರಿ. ಹೆಬ್ಬೆರಳಿಗೆ ಕಾವಲು ಕೂರಿಸುವುದಕ್ಕಿಂತ ಅದರ ಕೆಲಸಕ್ಕೆ ಕೂಲಿಯೇ ಸಿಗದ ಹಾಗೆ ಮಾಡಿದ್ದು ನನಗೆ ಹಿಡಿಸಿತು. ಈಗ ಆಟಗಾರರು ಪಕ್ಕದ ಪಾಕೆಟಿಗೆ ಒಂದನೇ ಚೆಂಡನ್ನು ಕಳಿಸುವ ಹೊಸ ದಾರಿ ಹುಡುಕಿಕೊಂಡಿದ್ದಾರೆ. ಅದರ ಮೇಲೂ ಮುಖ ಸಿಂಡರಿಸುವವರಿದ್ದಾರೆ, ಇರಲಿ.

ಒಂದು ಮಾತು ಉಳಿಯಿತು. ಗುಮಾನಿಗೆ ಮೋಸವೇ ಬೇಕೆಂದಿಲ್ಲ, ಅತಿಯಾದ ಯಶಸ್ಸು ಸಾಕು. 1996ರಲ್ಲಿ ಡಲ್ಲಾಸ್‌ನಲ್ಲಿ, ಸತತ ಹತ್ತು ರ್ಯಾಕ್ ಗೆದ್ದವರಿಗೆ ಹತ್ತು ಲಕ್ಷ ಡಾಲರ್ ಎಂದು ಪಣ ಇಟ್ಟಿದ್ದರು. ಅರ್ಲ್ ಸ್ಟ್ರಿಕ್ಲೆಂಡ್ ಹನ್ನೊಂದು ಗೆದ್ದ. ದುಡ್ಡು ಕೊಡಬೇಕಾದ ವಿಮಾ ಕಂಪನಿ ತಕರಾರು ತೆಗೆಯಿತು, ಕೊನೆಗೆ ರಾಜಿಯಲ್ಲಿ ಮುಗಿಯಿತು. 1954ರಲ್ಲಿ ಒಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಿಲ್ಲಿ ಮೊಸ್ಕೋನಿ ತಪ್ಪದೆ 526 ಚೆಂಡು ಬೀಳಿಸಿದಾಗ ನೋಡಿದವರು ಸಹಿ ಹಾಕಿದ ಪ್ರಮಾಣಪತ್ರವೇ ಸಾಕ್ಷಿಯಾಯಿತು. ಆದರೂ ಮೇಜು ಎಂಟಡಿಯದು, ಒಂಬತ್ತಡಿಯದಲ್ಲ ಎಂಬ ಕೊಕ್ಕೆ ಇಂದಿಗೂ ತಪ್ಪಿಲ್ಲ. 2019ರಲ್ಲಿ ಜಾನ್ ಸ್ಮಿಟ್ 626 ಬೀಳಿಸಿದಾಗ ವಿಡಿಯೊ ಇತ್ತು, ಆದರೆ ಅದು ಕೂಡಲೇ ಎಲ್ಲರ ಕಣ್ಣಿಗೆ ಬೀಳಲಿಲ್ಲ. ಸರಿ, ಮತ್ತೆ ಗುಸುಗುಸು. ಆರು ದಶಕ ಹಿಂದೆ ಸಹಿಯನ್ನು ನಂಬಿದವರು ಈಗ ಕ್ಯಾಮೆರಾವನ್ನೂ ನಂಬಲಿಲ್ಲ.

ಹೋದ ತಿಂಗಳು ಅಣ್ಣನ ಮಗನ ಜತೆ ಹೊಸದೊಂದು ಪಾರ್ಲರಿಗೆ ಹೋಗಿದ್ದೆ. ಎದುರಿಗೆ ಕಾಲೇಜು ಹುಡುಗ, ಬಲು ಸಭ್ಯ, ನನಗಾಗಿ ಚೆಂಡು ಜೋಡಿಸಿ ತ್ರಿಕೋಣ ಎತ್ತಿದ. ನನಗೆ ತಡೆಯಲಾಗಲಿಲ್ಲ. ಮಂಡಿ ನೋವನ್ನೂ ಲೆಕ್ಕಿಸದೆ ಬಗ್ಗಿ, ಮೇಜಿನ ಅಂಚಿಗೆ ಗಲ್ಲ ಇಟ್ಟು, ಒಂದು ಕಣ್ಣು ಮುಚ್ಚಿದೆ. ಹುಡುಗ ಗಾಬರಿಯಾಗಿ ತಾನೂ ಬಗ್ಗಿದ.

“ಅಂಕಲ್, ಏನಾದ್ರೂ ಬಿತ್ತಾ?”